ಕೈತವದ ಕಾರ್ಡುಗಳು

ನಿಘಂಟು ಕಚೇರಿಯ ಬೀರು ತೆರೆದಾಗ ‘ಕೈತವ’ ಪದದ ಕಟ್ಟು ಸಡಿಲವಾಗಿತ್ತು. ಒಂಬತ್ತು ಕಾರ್ಡುಗಳು ಮಾಯ!

ಕೈತವ ಎಂದರೆ ಮೋಸ, ಕಪಟ. ಹಳೆಯ ಕವಿಗಳು ಒಲವಿನ ಹುಸಿಯಾಟಕ್ಕೂ ಈ ಪದ ಬಳಸಿದ್ದರೆಂದು ತೋರಿಸಿಯೇ ಸಂಪಾದಕರು ದೊಡ್ಡ ವಿದ್ವಾಂಸರೆನಿಸಿಕೊಂಡದ್ದು. ಕಾರ್ಡಿಗೊಂದು ಪದ್ಯದ ಸಾಲು. ಎಲ್ಲವೂ ಅವರದೇ ಕೈಬರಹ.

“ನನ್ನ ಮಗಳೇ ತೆಗೆದಿದ್ದಾಳೆ,” ಎಂದರು ಸಂಪಾದಕರು. “ಹೊರಗೆ ಗುಲ್ಲು ಬೇಡ. ಕೆಲಸ ಬಿಟ್ಟು ಹೋಗಲಿ, ಸಾಕು.”

ನಮ್ಮನ್ನು ಕರೆಸಿದ್ದು ಉಪಸಂಪಾದಕ. ನನ್ನ ಭಾವ ನಿವೃತ್ತ ಇನ್ಸ್‌ಪೆಕ್ಟರ್. ತನಿಖೆ ಎಂದರೆ ತಟ್ಟೆ ಬಿಟ್ಟು ಏಳುವ ಆಸಾಮಿ. ಹಿಂದೆ ಬಾಲದಂತೆ ನಾನು.

ಮಗಳು ಅಲ್ಲೇ ಕರಡು ತಿದ್ದುವವಳು. ಭಾವ ಅವಳನ್ನು ಕೂರಿಸಿಕೊಂಡರು.

“ಬೀರು ತೆಗೆದೆಯಾ, ತಾಯಿ?”

“ಇಲ್ಲ.”

“ಕೀಲಿ?”

“ನನ್ನ ಹತ್ರ ಒಂದು, ಅಪ್ಪನ ಹತ್ರ ಒಂದು.”

“ಜಗಳ ಆಗಿತ್ತಂತೆ?”

“ಒಂದು ಸಾಲು ಮೂಲದಲ್ಲಿ ಸಿಗ್ಲಿಲ್ಲ. ಎಲ್ಲಿಂದ ತಗೊಂಡ್ರಿ ಅಂತ ಅಪ್ಪನ್ನ ಕೇಳ್ದೆ. ಸಿಟ್ಟಾದ್ರು. ಅಷ್ಟೇ.”

ಉಪಸಂಪಾದಕ ನಡುವೆ ಬಾಯಿ ಹಾಕಿದ. “ಮುಖಪುಟದಲ್ಲಿ ಹೆಸರಿಲ್ಲ ಅಂತ ಹೊಟ್ಟೆಯುರಿ, ಸಾರ್! ಅದಕ್ಕೇ ಕೆಲಸ ಕೆಡಿಸಿದ್ದಾಳೆ. ಇನ್ನು ಯಾವ ಪ್ರಕಾಶಕರೂ ಇವಳನ್ನ ಹತ್ರ ಸೇರಿಸಲ್ಲ, ಬಿಡಿ.”

ಆ ಕೆಲಸ ಬಿಟ್ಟರೆ ಅವಳಿಗೆ ಬೇರೆ ಗತಿಯಿರಲಿಲ್ಲ. ಅಪ್ಪನೆನಿಸಿಕೊಂಡವನು ಕಿಟಕಿಯಾಚೆ ನೋಡುತ್ತ ನಿಂತಿದ್ದ. ಥೂ! ನನಗೆ ಮೈಯೆಲ್ಲ ಉರಿದುಹೋಯಿತು.

ಭಾವ ಅಚ್ಚಿಗೆ ಹೋಗಬೇಕಿದ್ದ ಕರಡು ತರಿಸಿದರು. ಕಾಣೆಯಾದವೂ ಸೇರಿ ಕಾರ್ಡುಗಳ ಸಾಲುಗಳೆಲ್ಲ ಅದರಲ್ಲಿದ್ದವು. ಕಾವ್ಯಗಳನ್ನು ಮೇಜಿನ ಮೇಲೆ ಪೇರಿಸಿ, ಒಂದೊಂದು ಸಾಲನ್ನೂ ಹುಡುಕಲು ಉಪಸಂಪಾದಕನನ್ನೇ ಕೂರಿಸಿದರು. ಸಂಜೆಯ ಹೊತ್ತಿಗೆ ಅವನ ಗೊಣಗಾಟ ನಿಂತಿತ್ತು.

“ಏನಪ್ಪಾ?”

“ಉಳಿದಿರೋ ಕಾರ್ಡುಗಳ ಸಾಲೆಲ್ಲ ಪುಸ್ತಕಗಳಲ್ಲಿವೆ, ಸಾರ್. ಕಾಣೆಯಾದವು... ಒಂಬತ್ತೂ... ಎಲ್ಲೂ ಇಲ್ಲ.”

ಭಾವ ಸಂಪಾದಕರತ್ತ ತಿರುಗಿದರು.

“ಏನು ಹೋಯ್ತು ಅಂತ ಎಲ್ಲರೂ ನೋಡಿದ್ರಿ, ಸ್ವಾಮಿ. ಏನು ಉಳೀತು ಅಂತ ಯಾರೂ ನೋಡ್ಲಿಲ್ಲ. ಹೊಟ್ಟೆಯುರಿಯಾಗಿದ್ರೆ ಇಡೀ ಕಟ್ಟೇ ಹೋಗ್ತಿತ್ತು. ಇಲ್ಲಿ ಅಕ್ಕಿಯಿಂದ ಕಲ್ಲು ಆರಿಸಿದ ಹಾಗೆ ಬರೀ ಸುಳ್ಳನ್ನ ಆರಿಸಿದ್ದಾರೆ. ನಿಮ್ಮ ಮಗಳ ಹಲ್ಲಿಗೆ ಸಿಕ್ಕಿದ್ದು ಒಂದೇ ಕಲ್ಲು. ಮಿಕ್ಕ ಎಂಟು ಯಾವುವು ಅಂತ ಯಾರಿಗೆ ಗೊತ್ತು? ಬೆರೆಸಿದವರಿಗೆ! ಮಗಳು ಕಾರ್ಡು ಕದ್ದಳು ಅಂದ್ಬಿಟ್ರೆ, ಎಲ್ಲಿಂದ ತಂದ್ರಿ ಅಂತ ನಿಮ್ಮನ್ನ ಕೇಳೋರೇ ಇರಲ್ಲ. ಅಲ್ವಾ?”

ಸಂಪಾದಕರು ಮೇಜಿನ ಮೇಲಿದ್ದ ಕರಡನ್ನು ಮುಚ್ಚಿದರು.

“ಆಧಾರ ಸಾಲಲಿಲ್ಲ. ಸಾಲುಗಳನ್ನ ನಾನೇ ಕಟ್ಟಿದೆ. ಇವಳಿಗಿನ್ನೂ ವಯಸ್ಸಿದೆ, ಹೇಗೋ ಸುಧಾರಿಸಿಕೊಳ್ತಾಳೆ ಅಂದ್ಕೊಂಡೆ. ಈ ಇಳಿವಯಸ್ಸಲ್ಲಿ ನನ್ನ ಹೆಸರು—”

ಮಗಳು ಅಳಲಿಲ್ಲ. ಅಪ್ಪನ ಮುಖವನ್ನೇ ದಿಟ್ಟಿಸಿದಳು.

“ಒಂದು ಮಾತು ಹೇಳಿದ್ರೆ ನಾನೇ ಬಾಯಿ ಮುಚ್ಕೊಂಡಿರ್ತಿದ್ದೆ, ಅಪ್ಪಾ. ನನ್ನನ್ನ ಕಳ್ಳಿ ಅನ್ನಿಸ್ಬೇಕಿತ್ತಾ?”