ಮೂರನೇ ಒತ್ತು

ಇಪ್ಪತ್ತೆರಡು ವರ್ಷಗಳ ನಂತರ ಎದುರಾದಾಗ ಅವಳು ಅವನಿಗೆ ಕೊಟ್ಟ ಮೊದಲ ಉಡುಗೊರೆ, ಹೊಟ್ಟೆಗೊಂದು ಗುದ್ದು.

ಜಿಮ್‌ನ ಬಾಗಿಲಲ್ಲೇ ಕೊಟ್ಟಳು. ಹೇಗಿದ್ದೀಯ ಎನ್ನಲಿಲ್ಲ, ಒಳಗೆ ಬಾ ಎನ್ನಲಿಲ್ಲ. ಅವನು ಮಂಡಿಯೂರಿ ಉಸಿರಿಗಾಗಿ ಬಾಯಿ ಬಾಯಿ ಬಿಡುತ್ತಿದ್ದರೆ, ಅವಳು ಸೊಂಟದ ಮೇಲೆ ಕೈಯಿಟ್ಟು ತಲೆ ವಾಲಿಸಿ ನೋಡಿದಳು.

"ಏನಿದು ರಬ್ಬರ್, ಮುಷ್ಟಿ ಒಳಗೇ ಹೋಗ್ಬಿಡ್ತು! ಹೊಟ್ಟೆನಾ, ದಿಂಬಾ?"

"ನಿನ್ನ ಕೈ ಮಾತ್ರ ಹಾಗೇ ಇದೆ, ಬೆನ್ನಿ," ಎಂದ, ಉಸಿರು ಸಿಕ್ಕ ಮೇಲೆ.

ಆ ಹೆಸರು ಕೇಳಿ ಅವಳ ಒಂದು ಹುಬ್ಬು ಕೂದಲೆಳೆಯಷ್ಟು ಮೇಲೇರಿತು. ನಗಲಿಲ್ಲ. ಆದರೆ ನಗು ಬರುವ ದಾರಿಯಲ್ಲಿ ಯಾರೋ ದೀಪ ಹಚ್ಚಿಟ್ಟ ಹಾಗಿತ್ತು.

'ಬೂದಿ ಗ್ರಹ' ಧಾರಾವಾಹಿ ನೋಡಿದವರಿಗೆ ಹಿಚುಕ ನೆನಪಿರುತ್ತಾನೆ. ಬೇರೆ ಗ್ರಹದ ಮೃಗ. ಬಂದೂಕಿಲ್ಲ, ಕೋರೆಹಲ್ಲಿಲ್ಲ, ಅಪ್ಪಿ ಹಿಚುಕಿ ಕೊಲ್ಲುವುದೊಂದೇ ಅವನ ವಿದ್ಯೆ. ಆ ಮೃಗದ ಇಪ್ಪತ್ತು ಕಿಲೋ ರಬ್ಬರ್ ವೇಷದೊಳಗೆ ಬೆವರಲ್ಲಿ ಬೇಯುತ್ತಿದ್ದವನು ಇವನು, ಅದರಿಂದಲೇ 'ರಬ್ಬರ್' ಎಂಬ ಅಡ್ಡಹೆಸರು. ಬಾಹ್ಯಾಕಾಶ ನೌಕೆಯ ಕ್ಯಾಪ್ಟನ್ ಆಗಿದ್ದ ನಾಯಕಿಗೆ ಉಗುರು ಮುರಿಯಬಾರದಲ್ಲ! ಅದಕ್ಕೇ ಏಟು ತಿನ್ನುವಾಗ, ಬೀಳುವಾಗ, ಹಿಚುಕನ ತೋಳಲ್ಲಿ ನಲುಗುವಾಗ ಅವಳ ಬಟ್ಟೆ ತೊಟ್ಟು ಬರುತ್ತಿದ್ದವಳು ಇವಳು. ಮುಖ ಕಾಣಬಾರದೆಂದು ಕ್ಯಾಮೆರಾ ಯಾವಾಗಲೂ ಇವಳ ಹಿಂದೆ. ಹಾಗಾಗಿ ಸೆಟ್ಟಿನಲ್ಲಿ ಇವಳಿಗೆ 'ಬೆನ್ನಿ' ಎಂದೇ ಹೆಸರಾಯಿತು. ಜಗತ್ತಿಗೆಲ್ಲ ಕಂಡದ್ದು ಇವಳ ಬೆನ್ನು. ಮುಖ ಕಂಡದ್ದು ರಬ್ಬರ್ ಮುಖವಾಡದ ಎರಡು ತೂತುಗಳ ಹಿಂದಿದ್ದ ಅವನೊಬ್ಬನಿಗೆ.

ಆ ಅಪ್ಪುಗೆಗೆ ಅವರದೇ ಒಂದು ಭಾಷೆಯಿತ್ತು. ತೋಳು ಸಿಕ್ಕಿಬಿದ್ದರೂ ಅವಳ ಬೆರಳುಗಳು ಅವನ ಸೊಂಟಕ್ಕೆ ಎಟುಕುತ್ತಿದ್ದವು. ಒಂದು ಸಲ ಒತ್ತಿದರೆ, ಸಿದ್ಧ. ಎರಡು ಸಲ, ಪರವಾಗಿಲ್ಲ ಇನ್ನೂ ಬಿಗಿ ಮಾಡು. ಮೂರು ಸಲ, ಬಿಡು. ರಬ್ಬರಿನಲ್ಲಿ ಒತ್ತು ತಿಳಿಯುವುದಿಲ್ಲವೆಂದು ಸೊಂಟದ ಬಳಿ ಅಂಗೈಯಗಲ ಕತ್ತರಿಸಿ, ತೆಳು ಬಟ್ಟೆಯ ತೇಪೆ ಹೊಲಿದುಕೊಂಡವನೂ ಅವನೇ.

ಕೊನೆಯ ಕಂತಿನ ದಿನ ಮೂರನೆಯದು ಅವನಿಗೆ ತಿಳಿಯಲಿಲ್ಲ. ಅವಳ ಎರಡು ಪಕ್ಕೆಲುಬು ಒಣ ಕಡ್ಡಿಯಂತೆ ಮುರಿದವು. ಆ ಸದ್ದು ಮಾತ್ರ ರಬ್ಬರ್ ದಾಟಿ ಒಳಗೆ ಬಂತು. ಆಸ್ಪತ್ರೆಯಲ್ಲಿ ಅವಳ ಮಂಚದ ಪಕ್ಕ ನಿಂತು ಅತ್ತ, ಒಂದು ಮಾತು ಹೇಳಿದ. ಅವಳು ಗೋಡೆಯ ಕಡೆ ತಿರುಗಿ ಮಲಗಿದಳು. ಆಮೇಲೆ ಅವನಿಗೂ ಕಂಡದ್ದು ಬೆನ್ನೇ.

ಈಗ 'ಬೂದಿ ಗ್ರಹ' ಮತ್ತೆ ಬರುತ್ತಿತ್ತು. ಹಳೆಯದನ್ನು ಅಗೆದು ತೆಗೆದು ಬಣ್ಣ ಬಳಿದು ಮಾರುವ ಕಾಲ ಇದು. "ಹಳೇ ಜೋಡಿನೇ ಹೊಡೆದಾಡಬೇಕು, ಅಭಿಮಾನಿಗಳು ಹುಚ್ಚೆದ್ದು ಕುಣೀತಾರೆ," ಎಂದು ಹೊಸ ನಿರ್ದೇಶಕ ಇಬ್ಬರನ್ನೂ ಕರೆಸಿದ್ದ. ಅವನ ಹೊಟ್ಟೆ ನೋಡಿ ಒಂದು ಷರತ್ತು ಹಾಕಿದ್ದ: ನಾಲ್ಕು ತಿಂಗಳಲ್ಲಿ ಹದಿನೆಂಟು ಕಿಲೋ ಇಳಿಯಬೇಕು. ಅವನಿಗೆ ನಲವತ್ತೊಂಬತ್ತು, ಮನೆ ಬದಲಿಸುವವರ ಸಾಮಾನು ಸಾಗಿಸುವ ಲಾರಿ ಓಡಿಸುತ್ತಿದ್ದ. ಅವಳಿಗೆ ನಲವತ್ತಾರು, ಗ್ಯಾರೇಜಿನ ಮೇಲಿನ ಮಹಡಿಯ ಈ ಜಿಮ್‌ನಲ್ಲಿ ಹೆಂಗಸರಿಗೆ ಹೊಡೆದಾಟ ಕಲಿಸುತ್ತಿದ್ದಳು; ಅವನ ತೂಕ ಇಳಿಸುವ ಹೊಣೆಯೂ ಈಗ ಅವಳದೇ. ಇಬ್ಬರೂ ಮದುವೆಯಾಗಿರಲಿಲ್ಲ. ಯಾಕೆಂದು ಕೇಳುವ ಧೈರ್ಯ ಇಬ್ಬರಿಗೂ ಇರಲಿಲ್ಲ.

ಹೊಸ ಧಾರಾವಾಹಿ ಹಾಳಾಗಿ ಹೋಗಲಿ. ಅವನಿಗೆ ಬೇಕಿದ್ದದ್ದು ಒಂದೇ. ಇನ್ನೊಮ್ಮೆ ಅವಳನ್ನು ಹಿಡಿಯಬೇಕು, ನೋಯಿಸದೆ ಬಿಡಬೇಕು. ಆಗಲಾದರೂ ಕ್ಷಮಿಸಿಯಾಳು.

ಕ್ಷಮಿಸುವ ಲಕ್ಷಣ ಕಾಣಲಿಲ್ಲ. ಬೆಳಿಗ್ಗೆ ಆರಕ್ಕೆ ಹಗ್ಗ ಜಿಗಿತ, ಆರೂವರೆಗೆ ಏಟು. ಮೊದಲ ವಾರ ತುಟಿ ಸೀಳಿತು. ಎರಡನೇ ವಾರ ಮೂಗಿನಿಂದ ಸುರಿದ ರಕ್ತಕ್ಕೆ ಬನಿಯನ್ ತೊಯ್ದು ಎದೆಗಂಟಿತು. ಅವಳು ಹತ್ತಿ ತುರುಕಿ, ಗಲ್ಲ ಹಿಡಿದು ಅವನ ಮುಖ ಮೇಲೆತ್ತಿದಳು. ಹೆಬ್ಬೆರಳು ಗಲ್ಲದ ಮೇಲೆ ಬೇಕಾದದ್ದಕ್ಕಿಂತ ಒಂದು ಗಳಿಗೆ ಹೆಚ್ಚೇ ನಿಂತಿತು.

"ಏನ್ ನೋಡ್ತಿದ್ದೀಯ?"

"ಇಷ್ಟು ಹತ್ತಿರದಿಂದ ನೋಡಿ ತುಂಬಾ ದಿನ ಆಯ್ತು."

"ನೋಡಿದ್ದಾಯ್ತಲ್ಲ, ಏಳು. ಇನ್ನೊಂದು ಮೂಗಿದ್ದಿದ್ರೆ ಅದನ್ನೂ ಒಡೀತಿದ್ದೆ."

ಮನೆಯಲ್ಲಿ ಅಕ್ಕ ಅವನ ಊದಿದ ಕಣ್ಣಿಗೆ ಐಸು ಸುತ್ತಿದ ಬಟ್ಟೆ ಅದುಮಿದಳು. "ಲೋ, ವ್ಯಾಯಾಮಕ್ಕೆ ಹೋಗ್ತಿದ್ದೀಯಾ, ಪೊಲೀಸ್ ಠಾಣೆಗೆ ಹೋಗಿ ಬರ್ತಿದ್ದೀಯಾ?"

"ಅವಳ ಕೈ ಸ್ವಲ್ಪ ಜೋರು, ಅಕ್ಕ."

"ಆಗ ಅವಳ ಹೆಸರೆತ್ತಿದ್ರೆ ನಿನ್ನ ಕಿವಿ ಕೆಂಪಾಗ್ತಿತ್ತು. ಈಗ ಕಣ್ಣೂ ಕೆಂಪಾಯ್ತು. ಮುಂದುವರಿದಿದ್ದೀಯ, ಬಿಡು!"

ಹೊಟ್ಟೆ ಕರಗಿತು. ಮೂರನೇ ತಿಂಗಳಿಗೆ ಬೀರು ಹೊತ್ತು ಮೂರು ಮಹಡಿ ಹತ್ತಿದರೂ ಏದುಸಿರಿಲ್ಲ. ಒಂದು ಬೆಳಿಗ್ಗೆ ಅವಳ ಗುದ್ದಿನಿಂದ ತಪ್ಪಿಸಿಕೊಂಡು, ಕಾಲು ಕೊಟ್ಟು ಅವಳನ್ನು ಧೊಪ್ಪನೆ ಕೆಡವಿದ. ಅವಳು ಏಳಲಿಲ್ಲ. ಛಾವಣಿ ನೋಡುತ್ತ ನಕ್ಕಳು, ಹಲ್ಲಿನ ಮೇಲೆ ರಕ್ತ. ಆ ನಗುವಿಗಾದರೆ ಅವನು ಹದಿನೆಂಟಲ್ಲ, ನೂರು ಕಿಲೋ ಇಳಿಸಿಯಾನು.

ಆದರೆ ಅಪ್ಪುಗೆಯನ್ನು ಮಾತ್ರ ಒಂದು ದಿನವೂ ಅಭ್ಯಾಸ ಮಾಡಲಿಲ್ಲ. "ನಾಳೆ ಮಾಡೋಣ," ಎನ್ನುತ್ತಿದ್ದವನು ಅವನೇ.

ಶೂಟಿಂಗ್ ದಿನ ರಬ್ಬರ್ ಇರಲಿಲ್ಲ. ಮೈಗಂಟುವ ಬೂದು ಬಟ್ಟೆ, ಅದರ ತುಂಬ ಬಿಳಿ ಚುಕ್ಕಿ. "ಮೃಗಾನ ಆಮೇಲೆ ಕಂಪ್ಯೂಟರ್‌ನಲ್ಲಿ ಮಾಡ್ಕೋತೀವಿ ಸರ್, ನೀವು ಸುಮ್ನೆ ಹೊಡೆದಾಡಿ," ಎಂದ ನಿರ್ದೇಶಕ.

ಒಂಬತ್ತು ನಿಮಿಷ, ಒಂದೇ ಟೇಕ್. ಮೇಜು ಮುರಿಯಿತು, ಗಾಜು ಪುಡಿಯಾಯಿತು. ಅವಳ ಮೊಣಕೈ ಅವನ ಹುಬ್ಬು ಸೀಳಿತು. ಕಣ್ಣಿಗೆ ಇಳಿಯುತ್ತಿದ್ದ ರಕ್ತದ ನಡುವೆಯೇ ಅವಳನ್ನು ಬಾಚಿ ತಬ್ಬಿದ. ಅವಳ ಬೆರಳು ಸೊಂಟ ಮುಟ್ಟಿತು.

ಒಂದು. ಎರಡು.

ಅವನು ತೋಳು ಸಡಿಲಿಸಿದ. ಎರಡಕ್ಕೇ ಬಿಟ್ಟುಬಿಟ್ಟ.

"ಕಟ್! ಸೂಪರ್!"

ಅವಳು ಎಲ್ಲರೆದುರೇ ಅವನ ಕೆನ್ನೆಗೆ ಬಾರಿಸಿದಳು. ಅದು ಕಲಿಸಿದ ಏಟಾಗಿರಲಿಲ್ಲ. "ಎರಡಕ್ಕೆ ಯಾಕೆ ಬಿಟ್ಟೆ?" ಎಂದವಳು ಉತ್ತರಕ್ಕೂ ಕಾಯದೆ ಬೆನ್ನು ತಿರುಗಿಸಿ ಹೋದಳು.

ನೋಯಿಸದೆ ಬಿಟ್ಟಿದ್ದ. ಆದರೂ ಕ್ಷಮೆ ಸಿಗಲಿಲ್ಲ. ಇನ್ನೇನು ಮಾಡಬೇಕೆಂದು ಅವನಿಗೆ ಹೊಳೆಯಲಿಲ್ಲ.

ಮೊದಲ ಕಂತು ಬರುವ ಭಾನುವಾರ ಅವಳಿಂದ ಒಂದು ಮೆಸೇಜ್ ಬಂತು. 'ಸಂಜೆ ಆರಕ್ಕೆ ಜಿಮ್‌ನಲ್ಲಿ.' ಹೋದ. ಗೋಡೆಯ ಟಿವಿಯೆದುರು ಬೆಂಚಿನ ಎರಡು ತುದಿಗೆ ಇಬ್ಬರೂ ಕೂತರು, ನಡುವೆ ಎರಡು ಡಂಬೆಲ್ಲು.

ಎಂಥ ಕಸ! ಕ್ಯಾಪ್ಟನ್ ಅರ್ಧ ಗಂಟೆ ಕಿಟಕಿಯ ಬಳಿ ಕೂತು ಬಾಲ್ಯ ನೆನೆದಳು. ಬಂದ ಹಿಚುಕನಿಗೆ ತೋಳೇ ಇರಲಿಲ್ಲ. ಕಂಪ್ಯೂಟರ್ ಊದಿದ ಹೊಗೆ. ಆ ಹೊಗೆ ಶುದ್ಧ ವ್ಯಾಕರಣದಲ್ಲಿ ತನ್ನ ಒಂಟಿತನ ತೋಡಿಕೊಂಡಿತು, ಕ್ಯಾಪ್ಟನ್ ಅದಕ್ಕೆ ಸಮಾಧಾನ ಹೇಳಿದಳು. ಒಂಬತ್ತು ನಿಮಿಷದ ಹೊಡೆದಾಟದಲ್ಲಿ ಉಳಿದದ್ದು ಒಂದು ಭುಜ, ಮಿಂಚಿ ಮಾಯ. ಯಾರ ಭುಜವೋ! ಕೊನೆಯ ಹೆಸರುಗಳ ಸಾಲಿನಲ್ಲಿ ಊಟ ಬಡಿಸಿದವರವರೆಗೂ ಹೆಸರಿತ್ತು, ಇವರದಿರಲಿಲ್ಲ.

ಅವಳು ಎದ್ದಳು. ಐದು ಕಿಲೋ ಡಂಬೆಲ್ ಟಿವಿಯ ಎದೆ ಸೀಳಿ ಒಳಗೆ ಹೋಯಿತು. ಕಿಡಿ ಹಾರಿತು, ಚೂರು ಉದುರಿತು. ಎರಡನೆಯದು ಗೋಡೆಯನ್ನೂ ಸೇರಿಸಿ ಒಡೆಯಿತು.

"ಏಳು ಹೊಲಿಗೆ ಹಾಕಿಸ್ಕೊಂಡಿದ್ದಾನೆ ಕಣ್ರೋ ಇವನು!" ಎಂದು ಹೊಗೆಯಾಡುವ ಟಿವಿಗೆ ಕಿರುಚಿದಳು. "ಏಳು! ನಿಮ್ಮ ಹೊಗೆಗೆ ಹಾಕ್ರೋ ಒಂದು ಹೊಲಿಗೆ!"

"ಬಿಡು, ಬೆನ್ನಿ. ನಿನಗೆ ನೋವಾಗಲಿಲ್ಲವಲ್ಲ, ನನಗೆ ಅಷ್ಟೇ ಸಾಕು."

ಅವಳು ಅವನ ಮೇಲೆ ತಿರುಗಿದಳು. ಎದೆಗೆ, ಭುಜಕ್ಕೆ, ಮತ್ತೆ ಎದೆಗೆ. "ನೋವು, ನೋವು! ಯಾರು ಕೇಳಿದ್ರು ನಿನ್ನನ್ನ?" ಅವನು ತಡೆಯದೆ ನಿಂತು ಎಲ್ಲವನ್ನೂ ತಿಂದ.

"ಹೊಡಿ. ಆವತ್ತು ನೀನು ಮೂರನೇ ಸಲ ಒತ್ತಿದ್ದು ನನಗೆ ಗೊತ್ತಾಗ್ಲಿಲ್ಲ. ಇಪ್ಪತ್ತೆರಡು ವರ್ಷದಿಂದ..."

"ಒತ್ತಿದ್ರೆ ತಾನೆ ಗೊತ್ತಾಗೋದು!"

ಮುಷ್ಟಿ ಗಾಳಿಯಲ್ಲೇ ನಿಂತಿತು.

"ಏನಂದೆ?"

"ಒತ್ತಲೇ ಇಲ್ಲ ಕಣೋ, ಪೆದ್ದ. ಕೊನೇ ಕಂತು ಅದು. ಬಿಟ್ರೆ ಇನ್ಯಾವತ್ತು ಹಿಡೀತಿದ್ದೆ ನೀನು? ಇನ್ನೊಂದು ಚೂರು ಇರಲಿ ಅಂತ ಸುಮ್ಮನಿದ್ದೆ. ಅದು ಪಕ್ಕೆಲುಬಿಗೆ ಅರ್ಥ ಆಗಲಿಲ್ಲ."

"ಮತ್ತೆ ಆಸ್ಪತ್ರೇಲಿ ಗೋಡೆ ಕಡೆ ತಿರುಗಿದ್ದು?"

"ಆವತ್ತು ಏನು ಹೇಳಿದೆ ನೀನು? ಈಗ ಹೇಳು."

ಅವನು ತಲೆ ತಗ್ಗಿಸಿದ. "ಇನ್ನು ಜನ್ಮದಲ್ಲಿ ನಿನ್ನ ಮುಟ್ಟಲ್ಲ ಅಂದೆ."

"ಮೂಳೆ ಮುರಿದಾಗ ನಾನು ಅಳಲಿಲ್ಲ. ಆ ಮಾತಿಗೆ ಅತ್ತೆ." ಅವಳ ಮುಷ್ಟಿ ಬಿಚ್ಚಿ ಅವನ ಹುಬ್ಬಿನ ಹೊಲಿಗೆಯ ಗುರುತಿನ ಮೇಲೆ ಬೆರಳಾಯಿತು. "ಹಿಡಿಯೋ ಕೆಲಸ ಮರೆತುಹೋಯ್ತಾ, ರಬ್ಬರ್?"

ಮರೆತಿರಲಿಲ್ಲ. ಕಾಲಡಿ ಗಾಜು ಕರಕರ ಎನ್ನುತ್ತಿರಲು ಅವಳನ್ನು ಎಳೆದು ತಬ್ಬಿದ. ನಡುವೆ ರಬ್ಬರಿಲ್ಲ, ಹೊಟ್ಟೆಯಿಲ್ಲ, ಹಿಂದೆ ಕ್ಯಾಮೆರಾ ಇಲ್ಲ. ಅವಳ ಮುಖ ಮಾತ್ರ, ಒದ್ದೆಯಾಗಿ, ಎಲ್ಲಕ್ಕಿಂತ ಹತ್ತಿರ. ಬೆರಳುಗಳು ಅವನ ಸೊಂಟ ಹುಡುಕಿಕೊಂಡವು.

ಒಂದು.

ಎರಡು.

ಅವನು ಕಾದ. ಕೆಳಗೆ ಗ್ಯಾರೇಜಿನ ಶಟರ್ ದಢಾರನೆ ಇಳಿಯಿತು. ಗೋಡೆಯ ಮೇಲಿನ ಟಿವಿ ಕೊನೆಯದಾಗಿ ಚಿಟಪಟ ಎಂದು ಸತ್ತಿತು. ಅವನು ಇನ್ನೂ ಕಾದ.

"ಮೂರು?" ಎಂದು ಕಿವಿಯಲ್ಲಿ ಕೇಳಿದ.

"ನನಗೆ ಎಣಿಕೆ ಎರಡರ ತನಕ ಮಾತ್ರ ಬರೋದು," ಎಂದಳು.