ಕೆಂಪು ದಾರದ ಮೂಟೆಗಳು

ಸೋಮವಾರ ಬೆಳಿಗ್ಗೆ ಹತ್ತು ಗಂಟೆಗೆ ಸೇನೆಯ ಸರಬರಾಜು ಅಧಿಕಾರಿ ಠಾಣೆಗೆ ಬಂದು ಲಿಖಿತ ದೂರು ಕೊಟ್ಟರು. ಮಳೆ ಹಿಡಿದ ಮೇಲೆ ಯುದ್ಧ ನಡೆಯುತ್ತಿದ್ದ ಕಾಡಿನಲ್ಲಿ ಲಾರಿಯ ದಾರಿ ಮುಚ್ಚಿತ್ತು. ಹೇಸರಗತ್ತೆಗಳು ಕೆಸರಿನಲ್ಲಿ ಹೂತು ಸಾಯುತ್ತಿದ್ದವು. ಅಕ್ಕಿಯಿಂದ ಗುಂಡಿನವರೆಗೆ ಎಲ್ಲವನ್ನೂ ವಿಮಾನದಿಂದಲೇ ಉದುರಿಸಬೇಕಿತ್ತು. ಆದರೆ ಗುಡ್ಡದ ನೆಲೆಗೆ ಬೀಳುವ ಮೂಟೆಗಳಲ್ಲಿ ಮಲೇರಿಯಾ ಮಾತ್ರೆಯ ಡಬ್ಬಿಗಳೇ ಇರುತ್ತಿರಲಿಲ್ಲ. ಅಲ್ಲಿ ಶತ್ರುವಿನ ಗುಂಡಿಗಿಂತ ಜ್ವರಕ್ಕೇ ಹೆಚ್ಚು ಜನ ಸಾಯುತ್ತಿದ್ದರು.

"ಮೂಟೆ ಕಟ್ಟೋದು ಎಲ್ಲಿ?" ಇನ್ಸ್‌ಪೆಕ್ಟರ್ ಕೇಳಿದರು.

"ಈ ಊರಲ್ಲೇ, ರೈಲು ಗೋದಾಮಿನ ಹಿಂದಿನ ಶೆಡ್ಡಲ್ಲಿ. ಕೆಲಸದವರೆಲ್ಲ ಊರವರು."

"ಹಾಗಾದ್ರೆ ತಲೆನೋವು ನಮ್ಮದೇ."

ಕಳವಿನ ಎಫ್‌ಐಆರ್ ದಾಖಲಾಯಿತು. ಯುದ್ಧಕಾಲದಲ್ಲಿ ಮಾತ್ರೆಗೆ ಚಿನ್ನದ ಬೆಲೆ. ಇನ್ಸ್‌ಪೆಕ್ಟರರೂ ದಫೇದಾರರೂ ಔಷಧಿ ಅಂಗಡಿಗಳನ್ನೆಲ್ಲ ಜಾಲಾಡಿದರು. ಒಂದು ಡಬ್ಬಿಯೂ ಸಿಗಲಿಲ್ಲ.

"ಕದ್ದೋನು ಮಾರಿಲ್ಲ ಅಂದ್ರೆ ಅವನು ಕಳ್ಳ ಅಲ್ಲ ಸಾರ್, ಸನ್ಯಾಸಿ," ಎಂದರು ದಫೇದಾರ.

ಮಾತು ತಮಾಷೆಯದಾದರೂ ಇನ್ಸ್‌ಪೆಕ್ಟರರ ತಲೆಯಲ್ಲಿ ಕೂತಿತು. ಮಾಲು ಹೊರಗೆ ಹೋಗಿಲ್ಲವೆಂದರೆ ಒಳಗೇ ಇರಬೇಕು. ಬುಧವಾರ ಅಧಿಕಾರಿಯನ್ನೂ ಇಬ್ಬರು ಪಂಚರನ್ನೂ ಕರೆದುಕೊಂಡು ಶೆಡ್ಡಿಗೆ ಹೋದರು.

ಶೆಡ್ಡಿನ ತುಂಬ ಗೋಣಿಯ ಧೂಳು. ಪ್ರತಿ ಮೂಟೆಗೂ ಎರಡು ಚೀಲ, ಒಳಗಿನದು ಬಿಗಿ, ಹೊರಗಿನದು ಸಡಿಲ. ಬಿದ್ದ ರಭಸಕ್ಕೆ ಒಳಚೀಲ ಒಡೆದರೂ ಕಾಳು ಹೊರಚೀಲದಲ್ಲಿ ಉಳಿಯುತ್ತಿತ್ತು. ಎರಡರ ನಡುವೆ ಹುಲ್ಲು ತುರುಕಿ ಒಂದು ಮಾತ್ರೆ ಡಬ್ಬಿ ಇಡುತ್ತಿದ್ದರು. ಶಾಯಿ ಮಳೆಗೆ ಅಳಿಸಿಹೋಗುತ್ತದೆಂದು ವಿಳಾಸ ಬರೆಯುತ್ತಿರಲಿಲ್ಲ. ಹೊಳೆಯ ನೆಲೆಗೆ ಕೆಂಪು ದಾರ, ಗುಡ್ಡದ ನೆಲೆಗೆ ನೀಲಿ ದಾರ.

ಮರುದಿನ ಹೊರಡಬೇಕಿದ್ದ ಮೂಟೆಗಳನ್ನು ಪಂಚರ ಎದುರು ಬಿಚ್ಚಿಸಿದರು. ನೀಲಿ ದಾರದವುಗಳಲ್ಲಿ ಬರೀ ಹುಲ್ಲು. ಕೆಂಪು ದಾರದ ಒಂದೊಂದರಲ್ಲೂ ಎರಡೆರಡು ಡಬ್ಬಿ. ಪಂಚನಾಮೆ ಮುಗಿಯುವಾಗ ಮಧ್ಯಾಹ್ನವಾಗಿತ್ತು.

ಕೊನೆಯಲ್ಲಿ ಮೂಟೆಯ ಬಾಯಿ ಹೊಲಿಯುವವಳು ಒಬ್ಬಳೇ. ಗಂಡನಿಲ್ಲದ ಆ ಹೆಂಗಸನ್ನು ಎಲ್ಲರೂ ಹೊಲಿಗೆಯಮ್ಮ ಎನ್ನುತ್ತಿದ್ದರು. ಕೇಳುವ ಮೊದಲೇ ಅವಳು ದಬ್ಬಣ ಕೆಳಗಿಟ್ಟಳು.

"ನೀನೇ ಏನಮ್ಮ?" ಎಂದರು ಇನ್ಸ್‌ಪೆಕ್ಟರ್.

"ನಾನೇ ಸಾರ್."

"ಯಾಕೆ?"

"ನನ್ನ ಮಗ ಹೊಳೆ ಹತ್ರ ಇದ್ದಾನೆ. ಮಳೆಗೆ ಮೊದ್ಲು ರಜಕ್ಕೆ ಬಂದಾಗ ಹೇಳಿದ್ದ, ಅಮ್ಮಾ, ಕೆಂಪು ದಾರದ್ದು ನಮಗೆ ಬರೋದು ಅಂತ. ಅವನಿಗೆ ಚಿಕ್ಕಂದಿನಿಂದ್ಲೂ ಜ್ವರ ಬಂದ್ರೆ ಬೇಗ ಬಿಡಲ್ಲ."

"ಗುಡ್ಡದ ಮೇಲಿರೋರೂ ಯಾರದೋ ಮಕ್ಕಳೇ ಅಲ್ವಾ?"

"ಗೊತ್ತು ಸಾರ್. ನೀಲಿ ದಾರ ಹೊಲಿಯೋವಾಗೆಲ್ಲ ಆ ತಾಯಂದಿರ ಹತ್ರ ತಪ್ಪಾಯ್ತು ಅಂತಿದ್ದೆ. ಆದ್ರೂ ಕೈ ಕೇಳ್ತಿರಲಿಲ್ಲ."

ಅಧಿಕಾರಿ ಮಗನ ತುಕಡಿ ಯಾವುದು, ಹೆಸರೇನು ಎಂದು ವಿಚಾರಿಸಿದರು. ಅವಳು ಹೇಳಿದಳು. ಅಧಿಕಾರಿ ಕೂಡಲೇ ಇನ್ಸ್‌ಪೆಕ್ಟರರನ್ನು ಹೊರಗೆ ಕರೆದೊಯ್ದರು.

"ಮಳೆ ಶುರುವಾದಾಗ ಎರಡೂ ತುಕಡಿಗಳನ್ನ ಅದಲುಬದಲು ಮಾಡಿದ್ವಿ. ದಾರ ಜಾಗಕ್ಕೆ ಸೇರಿದ್ದು, ಜನಕ್ಕಲ್ಲ. ಗುಟ್ಟಿನ ವಿಷಯ ಅಂತ ಶೆಡ್ಡಿಗೆ ತಿಳಿಸಿರಲಿಲ್ಲ."

"ಹಾಗಾದ್ರೆ ಅವಳ ಮಗ?"

"ಗುಡ್ಡದಲ್ಲಿದ್ದ."

ಇನ್ಸ್‌ಪೆಕ್ಟರ್ ಶೆಡ್ಡಿನ ಬಾಗಿಲನ್ನು ಮುಂದಕ್ಕೆಳೆದರು. ಅಧಿಕಾರಿ ಮುಂದುವರಿಸಿದರು.

"ಶುಕ್ರವಾರ ಹೋದ. ಜ್ವರದಿಂದ. ತಂತಿ ಇನ್ನೂ ಕಳಿಸಿಲ್ಲ."

ಮಗನ ಬಾಯಿಂದ ಔಷಧಿ ಕಿತ್ತದ್ದು ಹೆತ್ತ ಕೈಯೇ. ಕಳ್ಳರನ್ನು ಹಿಡಿಯುವುದೇ ಕಸುಬಾದ ಇನ್ಸ್‌ಪೆಕ್ಟರರಿಗೆ ಅಂದು ಈ ಕಳವು ಪತ್ತೆಯಾಗದೆ ಹೋಗಿದ್ದರೇ ಚೆನ್ನಾಗಿತ್ತು ಅನ್ನಿಸಿತು.

ಸಂಜೆ ನಾಲ್ಕಕ್ಕೆ ಠಾಣೆಯಲ್ಲಿ ದಸ್ತಗಿರಿ ದಾಖಲಾಯಿತು. ಹೊಲಿಗೆಯಮ್ಮ ಬೆಂಚಿನ ತುದಿಯಲ್ಲಿ ಕುಳಿತು ಒಂದೇ ಒಂದು ಮಾತು ಕೇಳಿದಳು.

"ಸಾರ್, ಅಮ್ಮ ಕಳ್ಳತನ ಮಾಡಿದ್ಲು ಅಂತ ನನ್ನ ಮಗನಿಗೆ ತಿಳಿಸಬೇಡಿ."

"ತಿಳಿಸಲ್ಲಮ್ಮ," ಎಂದರು ಇನ್ಸ್‌ಪೆಕ್ಟರ್. ಮುಖ ತಿರುಗಿಸಿ ವರದಿಯಲ್ಲಿ ಅಪರಾಧದ ಉದ್ದೇಶ ಎಂಬಲ್ಲಿ 'ಮಗನನ್ನು ಉಳಿಸಿಕೊಳ್ಳಲು' ಎಂದು ಬರೆದರು.

ದಫೇದಾರ ಹತ್ತಿರ ಬಂದು ತಗ್ಗಿದ ದನಿಯಲ್ಲಿ ಕೇಳಿದರು: "ಮಗನ ವಿಷಯ ಅವಳಿಗೆ ಯಾರು ಹೇಳೋದು ಸಾರ್?"

"ನಾನೇ ಹೇಳ್ತೀನಿ. ಬೆಳಿಗ್ಗೆಯಿಂದ ಏನೂ ತಿಂದಿಲ್ಲ ಅವಳು. ಮೊದಲು ಊಟ ತರಿಸಿ."

ಊಟ ಬಂತು. ಅವಳು ನಿಧಾನವಾಗಿ ತಿಂದಳು. ಇನ್ಸ್‌ಪೆಕ್ಟರ್ ಬಾಗಿಲಲ್ಲಿ ನಿಂತು, ಇನ್ನೂ ಸ್ವಲ್ಪ ಹಾಕಿ ಎಂದರು.