ಏಳನೇ ಕಾರ್ಡ್

ಶಿವಯೋಗೀಶ ನನ್ನ ಮೇಲೆ ರೇಗಿದ್ದು ಪರಿಚಯವಾಗುವ ಮೊದಲೇ.

ಸಿಂಗಾಪುರದ ಸೆಂಬವಾಂಗ್‌ನಲ್ಲಿ ಹಡಗಿನ ಪಂಪ್ ಮಾಡುವ ಫ್ಯಾಕ್ಟರಿ ಅದು. ಪ್ಲ್ಯಾನಿಂಗ್ ಸಾಫ್ಟ್‌ವೇರ್ ಹಾಕಲು ಚಾಂಗಿ ಬಿಸಿನೆಸ್ ಪಾರ್ಕಿನಿಂದ ಬಂದಿದ್ದ ನಾನು, ಮೇಜಿನ ಮೇಲಿದ್ದ ಹಳದಿ ಕಾರ್ಡ್‌ಗಳನ್ನು ರದ್ದಿ ಎಂದುಕೊಂಡು ಪಕ್ಕಕ್ಕೆ ಗುಡಿಸಿ, ಲ್ಯಾಪ್‌ಟಾಪ್ ಇಟ್ಟುಕೊಂಡಿದ್ದೆ.

"ಯಾವ ಪುಣ್ಯಾತ್ಮರು ಇದನ್ನ ಮುಟ್ಟಿದ್ರಪ್ಪಾ!" ಎಂದು ತನ್ನಷ್ಟಕ್ಕೇ ಗೊಣಗಿದ, ಅದೂ ಕನ್ನಡದಲ್ಲಿ.

"ನಾನೇರೀ, ಗಗನಾ ಅಂತ. ಮೈಸೂರು."

ಅವನ ಕಿವಿ ಕೆಂಪಾಯಿತು. ಗದಗಿನವನಂತೆ, ಇಲ್ಲಿ ಪಂಪ್ ಜೋಡಿಸುವ ಲೈನ್ ನೋಡಿಕೊಳ್ಳುತ್ತಿದ್ದನಂತೆ. ಸಿಟ್ಟು ಮರೆತು ಕಾರ್ಡ್‌ಗಳ ಕಥೆ ಹೇಳಿದ. ಬಿಡಿಭಾಗಗಳ ಪ್ರತಿ ಬಿನ್ನಿಗೂ, ಅಂದರೆ ಡಬ್ಬಕ್ಕೂ, ಒಂದೊಂದು ಕಾರ್ಡ್. ಬಿನ್ ಖಾಲಿಯಾದರೆ ಕಾರ್ಡ್ ಆ ಭಾಗ ಒದಗಿಸುವ ಹಿಂದಿನ ಟೇಬಲ್ಲಿಗೆ ಹೋಗುತ್ತದೆ. ಅದು ಬಂದರಷ್ಟೇ ಅಲ್ಲಿನವರು ಇನ್ನೊಂದು ಬಿನ್ ತುಂಬುತ್ತಾರೆ.

"ನಮ್ಮ ಕಂಪ್ಯೂಟರ್ ತಿಂಗಳು ಮೊದಲೇ ಯೋಚನೆ ಮಾಡುತ್ತೆ," ಎಂದೆ.

"ಅದಕ್ಕೇ ನಿಮ್ಮವ್ರ ಗೋಡೌನ್ ಯಾವಾಗ್ಲೂ ಫುಲ್ಲು." ಒಂದು ಹುಬ್ಬು ಏರಿಸಿ ನಕ್ಕ. ಆ ಹುಬ್ಬಿಗೆ ನಾನು ಸೋತೆ.

ಮ್ಯಾನೇಜರ್ ಮೂರು ತಿಂಗಳ ಟ್ರಯಲ್ ಇಟ್ಟರು: ಒಂದು ಲೈನ್ ಅವನ ಕಾರ್ಡ್‌ಗಳಿಂದ, ಇನ್ನೊಂದು ನನ್ನ ಸಾಫ್ಟ್‌ವೇರಿನಿಂದ. ಕಾರ್ಡ್ ಸೋತರೆ ಅವನ ಕೆಲಸ ಹೋಗುತ್ತದೆ, ಕೆಲಸದ ಜೊತೆ ಈ ದೇಶದಲ್ಲಿರಲು ಬೇಕಾದ ಪಾಸೂ. ಆದರೂ ಊಟಕ್ಕೆ ಹೋಗುವ ಹಾಕರ್ ಸೆಂಟರಿನಲ್ಲಿ ದಿನಾ ಎದುರು ಕೂತು, "ಇವತ್ತು ಎಷ್ಟು ಪಂಪ್, ಮೇಡಂ?" ಎಂದು ಕಾಡುತ್ತಿದ್ದ. ನಾನು ಕಡಿಮೆ ಮಾಡಿ ಹೇಳುತ್ತಿದ್ದೆ. ಅವನು ಗೆಲ್ಲಲಿ ಎಂದು ನನಗೇ ಆಸೆ.

ಅವನ ಕಾರ್ಡ್‌ಗಳ ಮೂಲೆಯಲ್ಲಿ ಕನ್ನಡ ಅಂಕಿಗಳಿದ್ದವು. ಒಂದು ಮಧ್ಯಾಹ್ನ, ಪಂಪ್ ಸೋರದಂತೆ ಹಾಕುವ ರಬ್ಬರ್ ಸೀಲಿನ ಕಾರ್ಡಿನ ಮೇಲೆ ಅವನು ದುಂಡಗೆ ಬರೆದ ೭ ನೋಡಿ ಮನಸ್ಸು ತಡೆಯಲಿಲ್ಲ. ಬ್ಯಾಗಿಗೆ ಹಾಕಿಕೊಂಡೆ. ಇಷ್ಟೊಂದರಲ್ಲಿ ಒಂದು ಹೋದರೇನು ಎಂದುಕೊಂಡೆ. ನನ್ನ ಪ್ಲ್ಯಾನಿನಲ್ಲಿ ಎಲ್ಲವೂ ನಾಲ್ಕು ಹೆಚ್ಚೇ ಇರುತ್ತದೆ. ಅವನದರಲ್ಲಿ ಒಂದೂ ಹೆಚ್ಚಿರಲಿಲ್ಲ.

ಕಾರ್ಡ್ ಹೋಗದ ಕಾರಣ ಆ ಬಿನ್ ತುಂಬಲಿಲ್ಲ. ಟ್ರಯಲ್‌ನ ಕೊನೆಯ ವಾರ ದೊಡ್ಡ ಆರ್ಡರ್ ಬಂದಾಗ ಸೀಲ್ ಸಾಲದೆ ಅವನ ಲೈನ್ ಅರ್ಧ ದಿನ ನಿಂತಿತು. ಅಷ್ಟೇ ಸಾಕಾಯಿತು. ಸಾಫ್ಟ್‌ವೇರ್ ಗೆದ್ದಿತು, ಎಲ್ಲರೂ ನನ್ನ ಕೈ ಕುಲುಕಿದರು. ನಿಜ ಹೇಳಲು ಎರಡು ಸಲ ಮ್ಯಾನೇಜರ್ ಬಾಗಿಲವರೆಗೆ ಹೋಗಿ, ಕೆಲಸ ಹೋಗುವ ಭಯಕ್ಕೆ ವಾಪಸ್ ಬಂದೆ. ಹೇಡಿ ನಾನು.

ಅವನು ಊರಿಗೆ ಹೊರಟ ದಿನ ಸೆಂಬವಾಂಗ್ ಎಂಆರ್‌ಟಿ ರೈಲು ನಿಲ್ದಾಣದಲ್ಲಿ ಹೇಳಿಬಿಟ್ಟೆ. "ಕಾರ್ಡ್ ನನ್ನ ಹತ್ರ ಇದೆ."

"ಗೊತ್ತು. ಲೈನ್ ನಿಂತ ದಿನ ಹುಡುಕುವಾಗ ತೆರೆದಿದ್ದ ನಿಮ್ಮ ಬ್ಯಾಗಲ್ಲಿ ನೋಡಿದೆ."

"ಮತ್ತೆ ಯಾಕೆ ಹೇಳ್ಲಿಲ್ಲ?"

"ನಿಮ್ಮ ಕೆಲಸ ಹೋಗ್ತಿತ್ತಲ್ಲ."

ನನಗೆ ಅಳು ಬಂತು. "ಈಗ್ಲೇ ಹೋಗಿ ಹೇಳ್ತೀನಿ."

"ಆ ಸೀಲಿನ ಟೇಬಲ್ಲೇ ಕಿತ್ತಾಕಿದಾರೆ ರೀ. ಸ್ಯೂ ಲಿಂಗ್ ಆಂಟಿ ಹದಿನೆಂಟು ವರ್ಷ ಅಲ್ಲೇ ಬಿನ್ನಿಗೆ ಸೀಲ್ ತುಂಬ್ತಿದ್ರು. ಅವ್ರನ್ನೂ ಮನೆಗೆ ಕಳಿಸಿದ್ರು. ನಾನು ಬಾಯಿ ಬಿಟ್ಟಿದ್ರೆ ಅವ್ರ ಕೆಲಸ ಉಳೀತಿತ್ತು. ನಿಮ್ಮನ್ನ ಉಳಿಸೋಕೆ ಅವ್ರನ್ನ ಬಿಟ್ಕೊಟ್ಟೆ." ತಲೆ ತಗ್ಗಿಸಿದ. "ಇನ್ಮೇಲೆ ನಿಮ್ಮ ಮುಖ ನೋಡಿದಾಗೆಲ್ಲ ಅದೇ ನೆನಪಾಗುತ್ತೆ."

ರೈಲಿನ ಸದ್ದು ಕೇಳಿಸಿತು.

"ಯಾಕೆ ತಗೊಂಡ್ರಿ, ಗಗನಾ?"

"ನಿಮ್ಮ ಅಕ್ಷರ ಇತ್ತು. ನೀವಂದ್ರೆ ನಂಗಿಷ್ಟ."

ಅವನು ನಕ್ಕ, ಕಣ್ಣು ತುಂಬಿಕೊಂಡೇ. "ಒಂದು ಮಾತು ಕೇಳ್ಬಾರ್ದಿತ್ತಾ? ನೂರು ಬರೆದು ಕೊಡ್ತಿದ್ದೆ."

ರೈಲಿನ ಒಳಗೆ ಹೋಗಿ ನನ್ನ ಕಡೆ ತಿರುಗಿ ನಿಂತ. ಹೋಗಬೇಡಿ ಎನ್ನಲು ನನಗೆ ಮುಖವಿರಲಿಲ್ಲ. ಬಾಗಿಲು ಮುಚ್ಚುವವರೆಗೂ ಅವನು ಕಾದ.